ಕೆರೆ ಇದ್ದರೆ ಸಾಲದು, ನೀರುಗಂಟಿಯೂ ಬೇಕು

ಜಪಾನ್ ಎಂದೊಡನೆ ನಮ್ಮವರ ಕಣ್ಣ ಮುಂದೆ ನಿಲ್ಲುವುದು ಶಿಂಕನ್ಸೆನ್ ರೈಲು, ಟೋಕಿಯೊದ ದೀಪಗಳು, ಕಾರ್ಖಾನೆಯ ಯಂತ್ರಮಾನವರು. ರಜೆಗೆಂದು ಊರಿಗೆ ಬಂದಾಗ ಬಂಧುಗಳು ಕೇಳುವ ಪ್ರಶ್ನೆಗಳೂ ಇವುಗಳ ಸುತ್ತಲೇ ಇರುತ್ತಿದ್ದವು. ಈಚಿನ ವರ್ಷಗಳಲ್ಲಿ ಬೇರೊಂದು ಪ್ರಶ್ನೆ ಕೇಳಿಬರುತ್ತಿದೆ: ‘ಜಪಾನಿನಲ್ಲಿ ಕೃಷಿ ಕೆಲಸಕ್ಕೂ ಜನ ಬೇಕಂತೆ, ನಮ್ಮ ಹುಡುಗ ಹೋಗಬಹುದೆ?’ ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಉತ್ತರಿಸಿಬಿಡಬಹುದು. ಆದರೆ ಆ ಹುಡುಗ ಯಾರ ಸ್ಥಾನವನ್ನು ತುಂಬಲು ಬರುತ್ತಾನೆ, ಯಾವ ಸ್ಥಾನವನ್ನು ತೆರವು ಮಾಡಿ ಬರುತ್ತಾನೆ ಎಂಬುದನ್ನು ಅರಿಯದೆ ಕೊಟ್ಟ ಉತ್ತರ ಅರ್ಧ ಉತ್ತರವಾಗುತ್ತದೆ. ಆದ್ದರಿಂದ ನಾನಿರುವ ಫುಕುವೋಕಾ ಪ್ರಾಂತ್ಯದ ಒಂದು ಸಣ್ಣ ಕೃಷಿ ನಗರದ ಚರಿತ್ರೆಯನ್ನು ಇಲ್ಲಿ ಹೇಳಬಯಸುತ್ತೇನೆ. ಅದರ ಹೆಸರು ಅಸಾಕುರಾ. ಅದನ್ನು ಅರಿತರೆ ನಮ್ಮ ಹಿರಿಯೂರು, ಚನ್ನಗಿರಿ, ಕೋಲಾರಗಳ ಸ್ಥಿತಿಯೂ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ಅಸಾಕುರಾ ಫುಕುವೋಕಾ ಮಹಾನಗರದ ಆಗ್ನೇಯಕ್ಕಿದೆ. ಅಮಾಗಿ ನಗರ, ಅಸಾಕುರಾ ಮತ್ತು ಹಾಕಿ ಎಂಬ ಎರಡು ಪಟ್ಟಣಗಳು 2006ರ ಮಾರ್ಚಿನಲ್ಲಿ ಒಂದಾಗಿ ಈಗಿನ ನಗರವಾಯಿತು. ಜನಸಂಖ್ಯೆ ಸುಮಾರು 50 ಸಾವಿರ. ಉತ್ತರಕ್ಕೆ ಕಾಡು ಕವಿದ ಬೆಟ್ಟಗಳು, ಬೆಟ್ಟಗಳ ಮಡಿಲಲ್ಲಿ ಎಗಾವಾ, ತೆರೌಚಿ, ಕೊಯಿಶಿವಾರಾಗಾವಾ ಎಂಬ ಮೂರು ಅಣೆಕಟ್ಟುಗಳ ಸರೋವರಗಳು, ದಕ್ಷಿಣದ ಅಂಚಿನಲ್ಲಿ ಕ್ಯೂಶೂ ದ್ವೀಪದ ಅತಿ ದೊಡ್ಡ ನದಿಯಾದ ಚಿಕುಗೊ. ನಡುವಿನ ಬಯಲಿನಲ್ಲಿ ಬೇಸಿಗೆಯಲ್ಲಿ ಭತ್ತ, ಚಳಿಗಾಲದಲ್ಲಿ ಗೋಧಿ ಮತ್ತು ಬಾರ್ಲಿ. ಮೇಲ್ನೋಟಕ್ಕೆ ನೀರಿನ ಸಮೃದ್ಧಿಯನ್ನೇ ವರವಾಗಿ ಪಡೆದ ಊರು. ಆದರೆ ಈ ಸಮೃದ್ಧಿಯಲ್ಲಿ ಪ್ರಕೃತಿ ಕೊಟ್ಟದ್ದು ಕಡಿಮೆ, ಮನುಷ್ಯರು ಗಳಿಸಿಕೊಂಡದ್ದೇ ಹೆಚ್ಚು.

ನದಿಯಿದ್ದೂ ನೀರಿಲ್ಲದ ನೆಲ

ಚಿಕುಗೊ ನದಿ ಈ ಬಯಲಿನ ಪಕ್ಕದಲ್ಲೇ ಹರಿದರೂ ಅದರ ಪಾತ್ರ ಗದ್ದೆಗಳಿಗಿಂತ ತಗ್ಗಿನಲ್ಲಿದೆ. ಮಳೆಗಾಲದಲ್ಲಿ ಉಕ್ಕಿ ಬೆಳೆಯನ್ನು ಕೊಚ್ಚಿಕೊಂಡು ಹೋಗುವ ನದಿ, ಮಳೆ ಕೈಕೊಟ್ಟ ವರ್ಷ ಕಣ್ಣೆದುರು ಹರಿದೂ ಕೈಗೆ ಸಿಗದು. 1660ರ ದಶಕದ ಆರಂಭದಲ್ಲಿ ಬಂದ ಭೀಕರ ಬರದ ಬಳಿಕ ಇಲ್ಲಿಯ ಜನ ನದಿಯ ಮೇಲ್ಭಾಗದಿಂದ ಹೊರಿಕಾವಾ ಎಂಬ ಕಾಲುವೆಯನ್ನು ತೋಡಿದರು. ಅದರ ಬಾಯಿಗೆ ಹೂಳು ತುಂಬತೊಡಗಿದಾಗ 1722ರಲ್ಲಿ ಬಂಡೆಯನ್ನೇ ಕೊರೆದು ಹೊಸ ತೂಬು ಮಾಡಿದರು. ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಲ್ಲಿನ ಒಡ್ಡು ಹಾಕಿ ನಾಲೆ ತೆಗೆದದ್ದು ಕನ್ನಡ ಓದುಗರಿಗೆ ನೆನಪಾಗಬಹುದು. ಎರಡೂ ಕಡೆ ಒಂದೇ ಬಗೆಯ ಸಮಸ್ಯೆಗೆ ಒಂದೇ ಬಗೆಯ ಉತ್ತರ.

ಅಸಾಕುರಾದ ಭಾಗ್ಯ ಗಟ್ಟಿಯಾದದ್ದು 1790ರಲ್ಲಿ. ಕೊಗಾ ಹ್ಯಾಕ್ಕೊ ಎಂಬ ಹಳ್ಳಿಯ ಮುಖ್ಯಸ್ಥರು, ನಮ್ಮ ಹಳೆಯ ಪಟೇಲರ ಸ್ಥಾನದಲ್ಲಿದ್ದವರು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಚಿಕುಗೊ ನದಿಗೆ ಅಡ್ಡಲಾಗಿ ಯಾಮಾದಾ ಒಡ್ಡನ್ನು ಹೊಸದಾಗಿ ಕಟ್ಟಿಸಿದರು. ಪ್ರವಾಹಕ್ಕೆ ಎದೆಯೊಡ್ಡಿ ನೇರವಾಗಿ ನಿಲ್ಲುವ ಗೋಡೆ ಇದಲ್ಲ. ನದಿಗೆ ಓರೆಯಾಗಿ ಹಾಸಿದ ಕಲ್ಲಿನ ವಿಶಾಲ ಚಪ್ಪರಡಿಯಂತಿದೆ. ಓರೆಯಾಗಿರುವುದರಿಂದ ನೀರಿನ ರಭಸ ಒಂದೇ ಕಡೆ ಬೀಳದೆ ಹರಡಿಹೋಗುತ್ತದೆ. ನಡುವೆ ದೋಣಿ ಸಾಗಲು ಒಂದು ದಾರಿ, ಮರಳು ಕೊಚ್ಚಿಹೋಗಲು ಇನ್ನೊಂದು ದಾರಿ. ಪ್ರವಾಹಕ್ಕೆ ಕಲ್ಲು ಕಿತ್ತರೆ ಊರವರು ಮತ್ತೆ ಹಾಸುತ್ತಾರೆ. ಕಾಲುವೆಗಿಂತ ಎತ್ತರದಲ್ಲಿರುವ ಗದ್ದೆಗಳಿಗೆ ನೀರೆತ್ತಲು ಮರದ ದೊಡ್ಡ ಚಕ್ರಗಳು ಬಂದವು. ನೀರಿನ ಹರಿವಿನಿಂದಲೇ ತಿರುಗಿ ನೀರನ್ನೇ ಮೇಲೆತ್ತುವ ಈ ಚಕ್ರಗಳಿಗೆ ಎಣ್ಣೆ ಬೇಡ, ವಿದ್ಯುತ್ತು ಬೇಡ. ಹಿಶಿನೊ ಎಂಬಲ್ಲಿಯ ಮೂರು ಚಕ್ರಗಳ ಸಾಲು, ಇನ್ನೆರಡು ಕಡೆಯ ಜೋಡಿ ಚಕ್ರಗಳು ಸೇರಿ ಒಟ್ಟು ಏಳು ಚಕ್ರಗಳು ಇಂದಿಗೂ ಜೂನ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಸುಮಾರು 35 ಹೆಕ್ಟೇರ್ ಗದ್ದೆಗೆ ನೀರುಣಿಸುತ್ತವೆ. ಒಡ್ಡು, ಕಾಲುವೆ ಮತ್ತು ಚಕ್ರಗಳನ್ನು ಅಂತರರಾಷ್ಟ್ರೀಯ ನೀರಾವರಿ ಆಯೋಗವು 2014ರಲ್ಲಿ ವಿಶ್ವದ ಪಾರಂಪರಿಕ ನೀರಾವರಿ ರಚನೆಗಳ ಪಟ್ಟಿಗೆ ಸೇರಿಸಿತು.

ಪ್ರವಾಸಿಗಳು ಚಕ್ರದ ಚಿತ್ರ ತೆಗೆದುಕೊಂಡು ಹಿಂತಿರುಗುತ್ತಾರೆ. ಅವರ ಕಣ್ಣಿಗೆ ಬೀಳದ ಸಂಗತಿಯೊಂದಿದೆ. ಆ ಮರದ ಚಕ್ರಗಳ ಆಯುಷ್ಯ ಐದೇ ವರ್ಷ. ಐದು ವರ್ಷಕ್ಕೊಮ್ಮೆ ಬಡಗಿಗಳು ಅವನ್ನು ಹೊಸದಾಗಿ ಮಾಡುತ್ತಾರೆ. ಎರಡು ಶತಮಾನಗಳಿಂದ ಉಳಿದುಬಂದಿರುವುದು ಚಕ್ರವಲ್ಲ, ಚಕ್ರವನ್ನು ಮತ್ತೆ ಮತ್ತೆ ಮಾಡುವ ಪದ್ಧತಿ. ನೀರಾವರಿಯ ಮರ್ಮವೆಲ್ಲ ಇದರಲ್ಲಿದೆ ಎಂದು ನನ್ನ ಭಾವನೆ. ಕಟ್ಟಿದವರ ಹೆಸರು ಶಾಸನದಲ್ಲಿ ಉಳಿಯಬಹುದು. ನೀರು ಉಳಿಯುವುದು ಕಾಯುವವರಿಂದ.

ಇಬ್ಬರು ವೈದ್ಯರು, ಒಂದು ಒಡ್ಡು

ವೈದ್ಯವೃತ್ತಿಯಲ್ಲಿರುವ ನನಗೆ ಈ ಊರಿನ ಮೇಲೆ ವಿಶೇಷ ಅಭಿಮಾನ ಬೆಳೆಯಲು ಬೇರೆ ಕಾರಣಗಳೂ ಇವೆ. ಅಸಾಕುರಾ ನಗರಕ್ಕೇ ಸೇರಿದ ಅಕಿಜುಕಿ ಎಂಬ ಹಳೆಯ ಕೋಟೆಯ ಊರಿನಲ್ಲಿ ಒಗಾತಾ ಶುನ್ಸಾಕು ಎಂಬ ಆಸ್ಥಾನ ವೈದ್ಯರಿದ್ದರು. ಸಿಡುಬಿನ ಒಣಗಿದ ಹಕ್ಕಳೆಯನ್ನು ಪುಡಿಮಾಡಿ ಮೂಗಿನ ಮೂಲಕ ಕೊಡುವ ಚೀನೀ ವಿಧಾನವನ್ನು ಗ್ರಂಥಗಳಿಂದ ಕಲಿತು, ತಮ್ಮದೇ ರೀತಿಯಲ್ಲಿ ತಿದ್ದಿಕೊಂಡು, 1790ರಲ್ಲಿ ಸ್ಥಳೀಯ ಮುಖ್ಯಸ್ಥನೊಬ್ಬನ ಇಬ್ಬರು ಮಕ್ಕಳಿಗೆ ಪ್ರಯೋಗಿಸಿ ಯಶಸ್ವಿಯಾದರು. ಎಡ್ವರ್ಡ್ ಜೆನ್ನರ್ ಗೋವಿನ ಸಿಡುಬಿನಿಂದ ಲಸಿಕೆ ಹಾಕಿದ್ದು 1796ರಲ್ಲಿ, ಆರು ವರ್ಷಗಳ ನಂತರ. ಜೆನ್ನರರ ವಿಧಾನ ಹೆಚ್ಚು ಸುರಕ್ಷಿತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಡ್ಡು ಹೊಸದಾದ ವರ್ಷವೇ ಈ ಪ್ರಯೋಗವೂ ನಡೆದದ್ದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ. ಬರ ಮತ್ತು ರೋಗ ಎರಡನ್ನೂ ವಿಧಿಯೆಂದು ಒಪ್ಪಿಕೊಂಡು ಕೈಕಟ್ಟಿ ಕೂರದ ಜನ ಆ ನೆಲದಲ್ಲಿ ಏಕಕಾಲಕ್ಕೆ ಇದ್ದರು.

ಎರಡನೆಯ ವೈದ್ಯರು ನಮ್ಮ ಕಾಲದವರು. 1946ರಲ್ಲಿ ಫುಕುವೋಕಾದಲ್ಲಿ ಹುಟ್ಟಿ ಕ್ಯೂಶೂ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿದ ಡಾ. ತೆತ್ಸು ನಾಕಾಮುರಾ 1984ರಲ್ಲಿ ಪೇಶಾವರಕ್ಕೆ ಹೋಗಿ ಕುಷ್ಠರೋಗಿಗಳ ಸೇವೆಗೆ ನಿಂತರು. ಮುಂದೆ ಅಫ್ಘಾನಿಸ್ತಾನದ ಹಳ್ಳಿಗಳಲ್ಲೂ ಚಿಕಿತ್ಸಾಲಯಗಳನ್ನು ತೆರೆದರು. 2000ದ ಮಹಾ ಬರದಲ್ಲಿ ಕೊಳಕು ನೀರು ಕುಡಿದು, ಅನ್ನವಿಲ್ಲದೆ ಸೊರಗಿ ಮಕ್ಕಳು ಸಾಯುವುದನ್ನು ಕಂಡಾಗ, ಔಷಧಿಗಿಂತ ಮೊದಲು ನೀರು ಬೇಕು ಎಂಬ ತೀರ್ಮಾನಕ್ಕೆ ಬಂದರು. ಮೊದಲು ಬಾವಿಗಳನ್ನು ತೋಡಿಸಿದರು. ಬಳಿಕ 2003ರಲ್ಲಿ ಕುನಾರ್ ನದಿಯಿಂದ ಮರ್ವಾರೀದ್ ಕಾಲುವೆಯ ಕೆಲಸ ಹಿಡಿದರು. 25 ಕಿಲೋಮೀಟರಿನಷ್ಟು ಉದ್ದದ ಆ ಕಾಲುವೆ 2010ರಲ್ಲಿ ಪೂರ್ಣಗೊಂಡಿತು. ಉಗ್ರ ಪ್ರವಾಹದ ನದಿಯಿಂದ ನೀರು ತೆಗೆಯುವುದು ಹೇಗೆಂಬ ಪ್ರಶ್ನೆಗೆ ಅವರಿಗೆ ಉತ್ತರ ದೊರೆತದ್ದು ತಮ್ಮ ಹುಟ್ಟುನಾಡಿನ ಯಾಮಾದಾ ಒಡ್ಡಿನಲ್ಲಿ. ಯಂತ್ರವಿಲ್ಲದ ಹಳ್ಳಿಯಲ್ಲಿ ಕಾಂಕ್ರೀಟಿನ ದುರಸ್ತಿ ಆಗದ ಮಾತು. ಕಲ್ಲು ಹಾಸುವುದನ್ನು ಊರವರೇ ಮಾಡಬಲ್ಲರು. ತಂತಿಯ ಬುಟ್ಟಿಗಳಿಗೆ ಕಲ್ಲು ತುಂಬಿ ದಡ ಕಟ್ಟಿ, ಅದರ ಹಿಂದೆ ವಿಲೋ ಗಿಡ ನೆಟ್ಟು ಬೇರುಗಳಿಂದ ಬಿಗಿಗೊಳಿಸಿದರು. ಮರಳುಗಾಡಾಗಿದ್ದ ನೆಲ ಗೋಧಿಯ ಹೊಲವಾಯಿತು. 2019ರ ಡಿಸೆಂಬರ್ 4ರಂದು ಜಲಾಲಾಬಾದಿನಲ್ಲಿ ದುಷ್ಕರ್ಮಿಗಳು ಅವರನ್ನು ಗುಂಡಿಕ್ಕಿ ಕೊಂದರು. ಅವರ ಕಾಲುವೆಗಳಲ್ಲಿ ನೀರು ಹರಿಯುತ್ತಲೇ ಇದೆ.

ನೀರು ತಾನಾಗಿ ಅಮೃತವಲ್ಲ ಎಂಬುದಕ್ಕೂ ಇದೇ ಚಿಕುಗೊ ಕಣಿವೆ ಸಾಕ್ಷಿ. ಅಸಾಕುರಾದಿಂದ ಕೆಳಗೆ, ಕುರುಮೆಯ ಆಸುಪಾಸಿನ ನದೀತೀರದಲ್ಲಿ ಶಿಸ್ಟೊಸೋಮಿಯಾಸಿಸ್ ಎಂಬ ಪರಾವಲಂಬಿ ರೋಗ ರೈತರ ಯಕೃತ್ತನ್ನು ತಿನ್ನುತ್ತಿತ್ತು. ಗದ್ದೆಯ ನೀರಿಗೆ ಕಾಲಿಟ್ಟರೆ ಸಾಕು, ಹುಳುವಿನ ಮರಿ ಚರ್ಮವನ್ನು ತೂರಿ ಒಳಸೇರುತ್ತಿತ್ತು. ಅದನ್ನು ಹೊತ್ತು ತರುವುದು ಒಂದು ಸಣ್ಣ ಬಸವನಹುಳು ಎಂಬುದನ್ನು ಕ್ಯೂಶೂ ವಿಶ್ವವಿದ್ಯಾಲಯದ ಮಿಯಾಯಿರಿ ಕೆಯಿನೊಸುಕೆ 1913ರಲ್ಲಿ ಇದೇ ಕಣಿವೆಯಲ್ಲಿ ಕಂಡುಹಿಡಿದರು. ಕಾಲುವೆಗಳಿಗೆ ಕಾಂಕ್ರೀಟ್ ಹೊದಿಸಿ, ಹುಲ್ಲು ಸವರಿ, ಹುಳುವಿನ ನೆಲೆಯನ್ನೇ ಇಲ್ಲವಾಗಿಸಿ, ದಶಕಗಳ ಶ್ರಮದ ನಂತರ ರೋಗವನ್ನು ಕಣಿವೆಯಿಂದ ನಿರ್ಮೂಲ ಮಾಡಿದರು. ಆಸ್ಪತ್ರೆಯ ಔಷಧಿಗಿಂತ ಕಾಲುವೆಯ ದಡದಲ್ಲಿ ನಡೆದ ದುಡಿಮೆಯೇ ಇಲ್ಲಿ ಹೆಚ್ಚು ಜೀವ ಉಳಿಸಿತು.

ನೀರಿನಿಂದ ಕಟ್ಟಿದ ಆದಾಯ

ಇನ್ನು ಊರಿನ ಆರ್ಥಿಕತೆ. ಅಕ್ಕಿಯೊಂದನ್ನೇ ನಂಬಿದ್ದರೆ ಅಸಾಕುರಾ ಎಂದೋ ಸೊರಗುತ್ತಿತ್ತು. ಇಲ್ಲಿಯ ರೈತರು ನೀರಿನ ಭರವಸೆಯ ಮೇಲೆ ಬೇರೆ ಬೇರೆ ಬೆಳೆಗಳನ್ನು ಕಟ್ಟಿದರು. ಹಾಕಿಯ ಇಳಿಜಾರುಗಳಲ್ಲಿ ಕಾಕಿ ಹಣ್ಣು, ಅಂದರೆ ಪರ್ಸಿಮನ್. ಜೊತೆಗೆ ದ್ರಾಕ್ಷಿ ಮತ್ತು ಪಿಯರ್. ಬಯಲಿನ ಹಸಿರುಮನೆಗಳಲ್ಲಿ ‘ಹಕಾತಾ ಬನ್ನೊ ನೆಗಿ’ ಎಂಬ ಎಳೆಯ ಈರುಳ್ಳಿ ಸೊಪ್ಪು. ಹಸಿಯಾಗಿ, ಬೇಯಿಸಿ, ಮೇಲೆ ಉದುರಿಸಿ, ಹೇಗೆ ಬೇಕಾದರೂ ತಿನ್ನಬಹುದಾದ್ದರಿಂದ ‘ಸರ್ವೋಪಯೋಗಿ’ ಎಂಬ ಅರ್ಥದ ಆ ಹೆಸರು. 1970ರ ದಶಕದ ಕೊನೆಯಲ್ಲಿ ಇದನ್ನು ವಿಮಾನದಲ್ಲಿ ಟೋಕಿಯೊಗೆ ಕಳುಹಿಸಿ ಮಾರುವ ಸಾಹಸಕ್ಕೆ ಸಹಕಾರ ಸಂಘ ಕೈಹಾಕಿತು. ಒಂದು ಕಟ್ಟು ಸೊಪ್ಪು ವಿಮಾನ ಹತ್ತುವುದೆಂದರೆ ಅಂದು ನಗೆಪಾಟಲಿನ ಮಾತು. ಅದೇ ಇಂದು ಊರಿನ ಗುರುತಾಗಿದೆ. ರೈತರು ಒಬ್ಬೊಬ್ಬರಾಗಿ ದಲ್ಲಾಳಿಯ ಮುಂದೆ ನಿಲ್ಲದೆ, ಒಂದೇ ಹೆಸರಿನಲ್ಲಿ, ಒಂದೇ ಗುಣಮಟ್ಟದಲ್ಲಿ ಮಾರುಕಟ್ಟೆಗೆ ಹೋದದ್ದೇ ಅದರ ಗುಟ್ಟು.

ಕಾರ್ಖಾನೆಗಳೂ ಬಂದವು. ಕಿರಿನ್ ಕಂಪನಿಯ ಬಿಯರ್ ಕಾರ್ಖಾನೆ 1966ರಲ್ಲಿ, ಬ್ರಿಜ್‌ಸ್ಟೋನ್ ಟೈರ್ ಕಾರ್ಖಾನೆ 1973ರಲ್ಲಿ ಅಮಾಗಿಯಲ್ಲಿ ಆರಂಭವಾದವು. ಬೆಳಿಗ್ಗೆ ಗದ್ದೆಗೆ ಹೋಗಿ ಬಳಿಕ ಕಾರ್ಖಾನೆಯ ಪಾಳಿಗೆ ಹೋಗುವ ಅರೆಕಾಲಿಕ ಕೃಷಿಕ ಕುಟುಂಬ ಜಪಾನಿನ ಹಳ್ಳಿಗಳ ಸಾಮಾನ್ಯ ಚಿತ್ರ. ಸಂಬಳ ಮನೆ ನಡೆಸಿತು, ಗದ್ದೆ ಮನೆತನದ ಹೆಸರು ಉಳಿಸಿತು.

ಎಲ್ಲವೂ ಲಾಭದ ಲೆಕ್ಕವಲ್ಲ. ಕೊಗಾನೆ ಎಂಬ ಪುಟ್ಟ ಹೊಳೆಯ ಬುಗ್ಗೆ ನೀರಿನಲ್ಲಿ ‘ಸುಯಿಜೆಂಜಿ ನೊರಿ’ ಎಂಬ ಅಪರೂಪದ ಸಿಹಿನೀರಿನ ಪಾಚಿ ಬೆಳೆಯುತ್ತದೆ. 18ನೆಯ ಶತಮಾನದಿಂದಲೂ ಅದನ್ನು ಹಾಳೆಯಂತೆ ಒಣಗಿಸಿ ಮಾರುತ್ತಿದ್ದರು. ಒಮ್ಮೆ ದೊರೆಗಳಿಗೆ ಕಾಣಿಕೆಯಾಗಿ ಸಲ್ಲುತ್ತಿದ್ದ ಪದಾರ್ಥ. ಬುಗ್ಗೆಯ ನೀರು ಇಳಿದಂತೆ ಇಳುವರಿಯೂ ಕುಸಿದಿದೆ. ನೆಲದ ಮೇಲಿನ ಸರೋವರ ತುಂಬಿದ್ದರೂ ನೆಲದೊಳಗಿನ ನೀರು ಕ್ಷೀಣಿಸಬಹುದು ಎಂಬುದನ್ನು ಆ ಪಾಚಿ ಮೌನವಾಗಿ ಹೇಳುತ್ತಿದೆ.

ಕುಡಿಯುವವರು ಒಬ್ಬರು, ಕಾಯುವವರು ಇನ್ನೊಬ್ಬರು

16 ಲಕ್ಷಕ್ಕೂ ಹೆಚ್ಚು ಜನರಿರುವ ಫುಕುವೋಕಾ ಮಹಾನಗರಕ್ಕೆ ತನ್ನದೆನ್ನಬಹುದಾದ ದೊಡ್ಡ ನದಿಯಿಲ್ಲ. 1978ರ ಮೇ ತಿಂಗಳಿಂದ ಮರುವರ್ಷದ ಮಾರ್ಚಿನವರೆಗೆ 287 ದಿನ ನಗರದಲ್ಲಿ ನೀರಿನ ನಿರ್ಬಂಧ ಜಾರಿಯಲ್ಲಿತ್ತು. ನಲ್ಲಿಯಲ್ಲಿ ದಿನಕ್ಕೆ ಕೆಲವೇ ಗಂಟೆ ನೀರು. 1994ರಲ್ಲಿ ಆರಂಭವಾದ ಇನ್ನೊಂದು ಬರದಲ್ಲಿ ನಿರ್ಬಂಧ 295 ದಿನ ನಡೆಯಿತು. ಜಪಾನಿನಲ್ಲೂ ಕೊಡ ಹಿಡಿದು ಸಾಲು ನಿಂತ ದಿನಗಳಿದ್ದವೇ ಎಂದು ನಮ್ಮವರು ಆಶ್ಚರ್ಯಪಡಬಹುದು; ಇದ್ದವು.

ಇಂದು ಆ ನಗರ ಕುಡಿಯುವ ನೀರಿನ ದೊಡ್ಡ ಪಾಲು ಚಿಕುಗೊ ನದಿಯಿಂದ ಮತ್ತು ಅಸಾಕುರಾದ ಸರೋವರಗಳಿಂದ ಬರುತ್ತದೆ. ಎಗಾವಾ ಮತ್ತು ತೆರೌಚಿ ಅಣೆಕಟ್ಟುಗಳು 1970ರ ದಶಕದ ಕೊಡುಗೆ, ಕೊಯಿಶಿವಾರಾಗಾವಾ ಈಚಿನದು. ಇವುಗಳಿಗಾಗಿ ಕಣಿವೆಯ ಮನೆಗಳು, ಗದ್ದೆಗಳು, ಸಮಾಧಿಗಳು ನೀರಿನಡಿ ಹೋದವು. ಶರಾವತಿಯ ಲಿಂಗನಮಕ್ಕಿಯಲ್ಲಿ ಮುಳುಗಿದವರ ಮನೆಯವರಿಗೆ ಈ ನೋವನ್ನು ನಾನು ವಿವರಿಸಬೇಕಿಲ್ಲ.

ಆದರೆ ಫುಕುವೋಕಾ ನಗರ ಒಂದು ಪಾಠ ಕಲಿಯಿತು. ಪರರ ಊರಿನ ನೀರನ್ನು ಕುಡಿಯುವವನು ಮೊದಲು ತನ್ನ ಮನೆಯ ಸೋರಿಕೆಯನ್ನು ನಿಲ್ಲಿಸಬೇಕು. 1981ರಿಂದ ನೀರಿನ ಒತ್ತಡ ಮತ್ತು ಹರಿವನ್ನು ಒಂದೇ ಕೇಂದ್ರದಿಂದ ನಿಯಂತ್ರಿಸುತ್ತಿರುವ ಈ ನಗರದಲ್ಲಿ ಕೊಳವೆಯ ಸೋರಿಕೆ ಶೇಕಡ 2ರ ಆಸುಪಾಸಿನಲ್ಲಿದೆ. ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರ 2005ರಿಂದ ನಡೆಯುತ್ತಿದೆ. ಜಲಮೂಲದ ಕಾಡುಗಳ ಪೋಷಣೆಗೆ ನಗರವೇ ನಿಧಿ ಇಟ್ಟಿದೆ. ಬರ ಬಂದಾಗ ರೈತರು, ನಗರ, ಕಾರ್ಖಾನೆ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಯಾರು ಎಷ್ಟು ಬಿಡಬೇಕೆಂದು ಮಾತಾಡುತ್ತಾರೆ. ಮುಳುಗಿದ ಹಳ್ಳಿ ಇದರಿಂದ ಮರಳಿ ಬರಲಿಲ್ಲ ನಿಜ. ಆದರೆ ಕೊಟ್ಟವರ ಋಣವನ್ನು ಲೆಕ್ಕಪುಸ್ತಕದಲ್ಲಿ ಬರೆದಿಡುವ ಪದ್ಧತಿಯಾದರೂ ಬೆಳೆಯಿತು.

ಬೆಂಗಳೂರಿನ ಲೆಕ್ಕಪುಸ್ತಕ ಹೇಗಿದೆ? ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ರಾಜಧಾನಿಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ್ದ ಕೆರೆಗಳು ತುಂಬಿ, ಕೊಳವೆಬಾವಿಗಳಲ್ಲಿ ನೀರು ಮೇಲೇರಿದ್ದನ್ನು ರೈತರು ಕಂಡಿದ್ದಾರೆ. ಅದನ್ನು ಅಲ್ಲಗಳೆಯಲಾರೆ. ಆದರೆ ಎರಡು ಹಂತಗಳ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂದು ಕೋಲಾರದ ಜನ ಅಂದಿನಿಂದ ಕೇಳುತ್ತಿರುವುದು ದಯಾಭಿಕ್ಷೆಯಲ್ಲ. ವೈದ್ಯನಾಗಿ ನಾನು ಆ ಬೇಡಿಕೆಯ ಪರ. ತಾನು ಮುಟ್ಟಲು ಹಿಂಜರಿಯುವ ನೀರನ್ನು ನಗರವು ನೆರೆಯವನ ಕೆರೆಗೆ ಬಿಡಬಾರದು.

ಒಂದು ರಾತ್ರಿಯ ಮಳೆ ಕಲಿಸಿದ್ದು

2017ರ ಜುಲೈ 5ರಂದು ಅಸಾಕುರಾದ ಮೇಲೆ ಮೋಡಗಳು ಸಾಲುಗಟ್ಟಿ ನಿಂತವು. ಮಳೆಮಾಪಕ ಒಂದೇ ಗಂಟೆಯಲ್ಲಿ 129.5 ಮಿಲಿಮೀಟರ್, 24 ಗಂಟೆಗಳಲ್ಲಿ 545.5 ಮಿಲಿಮೀಟರ್ ದಾಖಲಿಸಿತು. ಬಳ್ಳಾರಿ ಸೀಮೆಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ಇಷ್ಟೇ. ಬೆಟ್ಟಗಳು ಜಾರಿದವು. ಯುದ್ಧಾನಂತರದ ವರ್ಷಗಳಲ್ಲಿ ಮನೆ ಕಟ್ಟುವ ಮರಕ್ಕಾಗಿ ಒತ್ತಾಗಿ ನೆಟ್ಟಿದ್ದ ಸುಗಿ ಮರಗಳು ಬೇರುಸಹಿತ ಹೊಳೆಗಿಳಿದು ಸೇತುವೆಗಳಿಗೆ ಅಡ್ಡ ಸಿಲುಕಿ, ನೀರು ಮನೆಗಳ ಮೇಲೆ ತಿರುಗಿತು. ಯಾಮಾದಾದ ಒಂದು ಕೆರೆಯ ಏರಿ ಒಡೆಯಿತು. ನೆರೆಯ ಓಯಿತಾ ಪ್ರಾಂತ್ಯವೂ ಸೇರಿ ಸತ್ತವರು ಸುಮಾರು 40 ಮಂದಿ. ಕಾಕಿ ತೋಟಗಳ ಮೇಲೆ ಕೆಸರು ಆಳೆತ್ತರ ನಿಂತಿತು.

ತೆರೌಚಿ ಅಣೆಕಟ್ಟು ಆ ದಿನ ಭಾರಿ ಪ್ರಮಾಣದ ನೀರನ್ನೂ ಮರಗಳನ್ನೂ ತನ್ನೊಳಗೆ ತಡೆದು ಕೆಳಗಿನ ಬಯಲನ್ನು ಕಾಪಾಡಿತು. ಹೊರಿಕಾವಾ ಕಾಲುವೆ ಹೂಳಿನಿಂದ ತುಂಬಿಹೋಯಿತು, ಹಿಶಿನೊದ ಚಕ್ರಗಳು ನಿಂತವು. ಆಮೇಲೆ ನಡೆದದ್ದು ಗಮನಾರ್ಹ. ಊರವರೂ ಸ್ವಯಂಸೇವಕರೂ ಸೇರಿ ಹೂಳೆತ್ತಿದರು. ಆಗಸ್ಟ್ ತಿಂಗಳೊಳಗೆ ಚಕ್ರಗಳು ಮತ್ತೆ ತಿರುಗಿದವು. ಒಣಗುತ್ತಿದ್ದ ಪೈರಿಗೆ ನೀರು ಸಿಕ್ಕಿತು.

ಹಾಗೆಂದು ಎಲ್ಲವನ್ನೂ ಹೊಗಳುವಂತಿಲ್ಲ. ಬೆಟ್ಟದ ಮರಗಳನ್ನು ಕಾಲಕಾಲಕ್ಕೆ ತೆಳುಗೊಳಿಸುವವರಿಲ್ಲ. ಆಮದಿನ ಮರ ಅಗ್ಗವಾದ ಮೇಲೆ ಕಾಡಿನ ಕೆಲಸ ನಷ್ಟದ ಕೆಲಸವಾಯಿತು. ಸಣ್ಣ ಕೆರೆಗಳ ಏರಿ ನೋಡುತ್ತಿದ್ದ ರೈತರು ಮುದುಕರಾದರು. ಯಾರ ಕೆರೆ, ಯಾರ ಹೊಣೆ ಎಂಬುದೇ ಅನೇಕ ಕಡೆ ಮಸುಕಾಗಿತ್ತು. ಮರುವರ್ಷ ಪಶ್ಚಿಮ ಜಪಾನಿನ ಪ್ರವಾಹದಲ್ಲೂ ಕೆರೆಗಳು ಒಡೆದ ನಂತರ, 2019ರಲ್ಲಿ ಕೃಷಿ ಕೆರೆಗಳ ನಿರ್ವಹಣೆಗೆಂದೇ ಪ್ರತ್ಯೇಕ ಕಾನೂನು ಬಂತು. ಪ್ರತಿ ಕೆರೆಯ ಒಡೆಯ ಮತ್ತು ನಿರ್ವಾಹಕರ ಹೆಸರು ನೋಂದಾಯಿಸಬೇಕೆಂದಾಯಿತು. ಕಾನೂನು ಹೆಸರನ್ನು ಬರೆಸಬಹುದು. ಸನಿಕೆ ಹಿಡಿಯುವ ಕೈಯನ್ನು ಎಲ್ಲಿಂದ ತರಬೇಕು?

ಆ ಕೈ ನಿಮ್ಮದಾಗಬೇಕೆಂದಿದ್ದರೆ

ಜಪಾನಿನಲ್ಲಿ ಕೃಷಿಯನ್ನೇ ಮುಖ್ಯ ಕಸುಬಾಗಿಸಿಕೊಂಡವರ ಸರಾಸರಿ ವಯಸ್ಸು 68ರ ಆಸುಪಾಸಿನಲ್ಲಿದೆ. ನಗರ ರಚನೆಯಾದಾಗ 60 ಸಾವಿರದ ಹತ್ತಿರವಿದ್ದ ಅಸಾಕುರಾದ ಜನಸಂಖ್ಯೆ ಈಗ 50 ಸಾವಿರದ ಮಟ್ಟಕ್ಕಿಳಿದಿದೆ. ಮಕ್ಕಳು ಫುಕುವೋಕಾಕ್ಕೆ, ಒಸಾಕಾಕ್ಕೆ, ಟೋಕಿಯೊಗೆ ಹೊರಟುಹೋದರು. ನಮ್ಮಲ್ಲಿ ಬೆಂಗಳೂರಿಗೆ ಹೋದಂತೆ. ಅವರು ಬಿಟ್ಟ ಜಾಗಕ್ಕೆ ವಿಯೆಟ್ನಾಂ, ಇಂಡೊನೇಷ್ಯಾ, ನೇಪಾಳಗಳ ಯುವಜನರು ಬರುತ್ತಿದ್ದಾರೆ. ಭಾರತೀಯರೂ ಬರಲೆಂಬ ಆಹ್ವಾನವಿದೆ. ‘ನಿರ್ದಿಷ್ಟ ಕೌಶಲ’ ವೀಸಾ 2019ರ ಏಪ್ರಿಲಿನಲ್ಲಿ ಆರಂಭವಾಯಿತು. ಭಾರತದೊಡನೆ ಇದರ ಒಡಂಬಡಿಕೆ 2021ರಲ್ಲಿ ಆಯಿತು. ಕೃಷಿ ಮತ್ತು ವೃದ್ಧರ ಶುಶ್ರೂಷೆ ಎರಡೂ ಇದರ ಪಟ್ಟಿಯಲ್ಲಿವೆ.

ಬರಬಯಸುವ ತರುಣರು ಕೆಲವು ಸಂಗತಿಗಳನ್ನು ಮನೆಯವರೊಡನೆ ಕುಳಿತು ವಿಚಾರಿಸಬೇಕು. ಈ ವೀಸಾದ ಮೊದಲ ದರ್ಜೆಯಲ್ಲಿ ಸಾಮಾನ್ಯವಾಗಿ ಒಟ್ಟು ಐದು ವರ್ಷ ಮಾತ್ರ ಇರಬಹುದು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಎರಡನೆಯ ದರ್ಜೆಗೆ ಏರಿದರೆ ಕುಟುಂಬ ಬರಬಹುದು, ಆದರೆ ಅದಕ್ಕೆ ಅನುಭವವೂ ಕಠಿಣ ಪರೀಕ್ಷೆಯೂ ಬೇಕು. ಭಾಷೆಯಲ್ಲಿ ಎನ್4 ಮಟ್ಟ ಪ್ರವೇಶಕ್ಕೆ ಸಾಕು, ಬದುಕಿಗೆ ಸಾಲದು. ಹಳ್ಳಿಯ ಹಿರಿಯರ ಮಾತು ಪಠ್ಯಪುಸ್ತಕದಲ್ಲಿಲ್ಲ. ಇನ್ನೊಂದು ಮುಖ್ಯ ಸಂಗತಿಯನ್ನು ದಲ್ಲಾಳಿಗಳು ಹೇಳುವುದಿಲ್ಲ. ಕಾರ್ಖಾನೆಯ ಕೆಲಸದ ಗಂಟೆ, ವಿರಾಮ, ರಜೆಗಳ ಬಗ್ಗೆ ಜಪಾನಿನ ಕಾರ್ಮಿಕ ಕಾನೂನು ಹಾಕಿರುವ ಕಟ್ಟುಗಳು ಕೃಷಿಗೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ರಜೆ, ಬೆಳೆಯಿಲ್ಲದ ತಿಂಗಳಲ್ಲಿ ಸಂಬಳವೆಷ್ಟು, ವಸತಿಗೆ ಕಡಿತವೆಷ್ಟು ಎಂಬುದೆಲ್ಲ ಕರಾರಿನಲ್ಲೇ ಬರೆದಿರಬೇಕು, ಅದು ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಪಾಸ್‌ಪೋರ್ಟನ್ನು ಯಾರ ವಶಕ್ಕೂ ಕೊಡಬಾರದು. ಹೊಲ ಮಾರಿ, ಬಡ್ಡಿಗೆ ಸಾಲ ಮಾಡಿ ದಲ್ಲಾಳಿಗೆ ಹಣ ಸುರಿದು ಬರುವುದಾದರೆ ಬಾರದಿರುವುದೇ ಲೇಸು. ವೈದ್ಯನಾಗಿ ಒಂದು ಮಾತು ಸೇರಿಸುತ್ತೇನೆ: ಜುಲೈ-ಆಗಸ್ಟ್ ತಿಂಗಳ ಹಸಿರುಮನೆಯ ಸೆಕೆ ರಾಯಚೂರಿನ ಬೇಸಿಗೆಯನ್ನು ಉಂಡವರನ್ನೂ ಕೆಡವುತ್ತದೆ, ಗಾಳಿಯಲ್ಲಿ ತೇವ ಹೆಚ್ಚಾಗಿ ಬೆವರು ಆರುವುದಿಲ್ಲ. ಬಾಯಾರುವ ಮೊದಲೇ ನೀರು ಕುಡಿಯಬೇಕು, ತಲೆ ತಿರುಗಿದರೆ ಸಂಕೋಚಪಡದೆ ಹೇಳಬೇಕು.

ಇಷ್ಟನ್ನೂ ತಿಳಿದು ಬರುವವರಿಗೆ ನಾನು ಬೇಡವೆನ್ನುವುದಿಲ್ಲ. ಮಾರುಕಟ್ಟೆಗೆ ಒಗ್ಗಟ್ಟಿನಿಂದ ಹೋಗುವ ಕ್ರಮ, ಹಣ್ಣಿನ ವಿಂಗಡಣೆ, ಯಂತ್ರದ ಶಿಸ್ತು, ನೀರಿನ ಸರದಿಯ ಗೌರವ ಇವೆಲ್ಲ ಐದು ವರ್ಷದ ಉಳಿತಾಯಕ್ಕಿಂತ ಬೆಲೆಬಾಳುವ ಗಳಿಕೆ.

ನಮ್ಮ ನೀರುಗಂಟಿ ಎಲ್ಲಿ?

ಆದರೆ ಒಂದು ವಿಪರ್ಯಾಸ ನನ್ನನ್ನು ಕಾಡುತ್ತದೆ. ಅಸಾಕುರಾದಲ್ಲಿ ಕಾಲುವೆಯ ಹೂಳೆತ್ತುವ ಕೆಲಸಕ್ಕೆ ಸಂಬಳ ಕೊಟ್ಟು ಹೊರದೇಶದವರನ್ನಾದರೂ ಕರೆಸುವ ಯೋಚನೆಗೆ ಇವರು ಬಂದಿದ್ದಾರೆ. ನಮ್ಮಲ್ಲಿ ಅದೇ ಕೆಲಸ ಬಲ್ಲವನ ಮಗ ಊರು ಬಿಡಲು ಹವಣಿಸುತ್ತಾನೆ, ಏಕೆಂದರೆ ಆ ಕೆಲಸಕ್ಕೆ ನಾವು ಬೆಲೆ ಕಟ್ಟಲಿಲ್ಲ.

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಚನ್ನಗಿರಿಯ ಸೂಳೆಕೆರೆಯಂಥ ಶತಮಾನಗಳ ಹಿಂದಿನ ಕೆರೆಯಿದೆ. 1907ರಲ್ಲಿ ಪೂರ್ಣಗೊಂಡು, 1933ರಲ್ಲಿ ಕೋಡಿ ಹರಿದು, ಮತ್ತೆ 89 ವರ್ಷ ಕಾದು 2022ರಲ್ಲಿ ಕೋಡಿ ಹರಿದ ಹಿರಿಯೂರಿನ ವಾಣಿವಿಲಾಸ ಸಾಗರವಿದೆ. ಕೆರೆ ಕಟ್ಟಿದವರಿಗೆ, ರಿಪೇರಿ ಮಾಡುವವರಿಗೆ ಅಚ್ಚುಕಟ್ಟಿನಲ್ಲೇ ಭೂಮಿ ಬಿಟ್ಟುಕೊಟ್ಟ ಕಟ್ಟುಗೊಡಗೆ, ಬಿತ್ತುವಟ್ಟಗಳ ಶಾಸನಗಳು ನಾಡಿನ ತುಂಬ ಇವೆ. ನಮ್ಮ ಹಿರಿಯರಿಗೆ ಗೊತ್ತಿತ್ತು, ಕೆರೆಯೆಂದರೆ ನೀರು ಮಾತ್ರವಲ್ಲ, ಅದನ್ನು ಕಾಯುವವನ ಹೊಟ್ಟೆಪಾಡೂ ಹೌದು. ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿ ಸುಗ್ಗಿಯಲ್ಲಿ ಕಣದಿಂದ ಆಯ ಪಡೆಯುತ್ತಿದ್ದ.

ಅದು ಆದರ್ಶ ವ್ಯವಸ್ಥೆಯೇನಲ್ಲ. ಆ ಕೆಲಸ ಜಾತಿಗೆ ಅಂಟಿಕೊಂಡಿತ್ತು. ಬಹಳ ಕಡೆ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಹೊರಿಸಿದ ದುಡಿಮೆಯಾಗಿತ್ತು. ನೀರು ಬಿಡುವವನಿಗೆ ಅದೇ ನೀರನ್ನು ಮುಟ್ಟುವ ಹಕ್ಕಿಲ್ಲದ ಊರುಗಳಿದ್ದವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಹುದ್ದೆಗಳು ಹೋದದ್ದು ನ್ಯಾಯವೇ. ತಪ್ಪಿದ್ದು ಬೇರೆಡೆ. ಹುದ್ದೆಯ ಜೊತೆಗೆ ಕೆಲಸವನ್ನೂ ಕೈಬಿಟ್ಟೆವು. ಜಾತಿಯನ್ನು ಕಳೆದು ಕೆಲಸವನ್ನು ಗೌರವದ ಉದ್ಯೋಗವಾಗಿ ಉಳಿಸಿಕೊಳ್ಳಬಹುದಿತ್ತು. ಜಪಾನಿನಲ್ಲಿ 1949ರ ಭೂಸುಧಾರಣಾ ಕಾನೂನಿನಡಿ ಪ್ರತಿ ಅಚ್ಚುಕಟ್ಟಿಗೂ ರೈತರದೇ ಸಂಘವಿದೆ. ಗದ್ದೆಯ ವಿಸ್ತೀರ್ಣಕ್ಕೆ ತಕ್ಕಂತೆ ಸದಸ್ಯರು ವಂತಿಗೆ ಕೊಡುತ್ತಾರೆ, ಆ ಹಣದಿಂದ ಕಾಲುವೆ ನಡೆಯುತ್ತದೆ. ಯಾಮಾದಾ ಒಡ್ಡನ್ನೂ ಅಂಥ ಸಂಘವೇ ನೋಡಿಕೊಳ್ಳುತ್ತದೆ. ನಮ್ಮಲ್ಲೂ 2002ರಿಂದ ಜಲಸಂವರ್ಧನೆ ಯೋಜನೆಯಡಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಲಾಯಿತು. ಹೊರಗಿನ ಹಣ ಮುಗಿದ ಮೇಲೂ ಸಂಘ ಉಳಿಯುವುದೇ ನಿಜವಾದ ಪರೀಕ್ಷೆ. ಸಂಬಳ ಪಡೆಯುವ ಒಬ್ಬ ನೀರುಗಂಟಿಯಾದರೂ ಇಲ್ಲದ ಸಂಘ ಆ ಪರೀಕ್ಷೆಯಲ್ಲಿ ಗೆಲ್ಲದು.

ನಾವು ಹೊರದೇಶದಲ್ಲಿರುವವರು ಊರಿನ ದೇವಸ್ಥಾನದ ಗೋಪುರಕ್ಕೆ, ಶಾಲೆಯ ಕೊಠಡಿಗೆ ಹಣ ಕಳುಹಿಸುತ್ತೇವೆ. ಒಳ್ಳೆಯದು. ಅದರ ಜೊತೆಗೆ ಕೆರೆಯ ಒಬ್ಬ ಕಾವಲುಗಾರನ ವರ್ಷದ ಸಂಬಳವನ್ನು ಊರಿನ ಸಂಘದ ಮೂಲಕ ಕೊಡಬಾರದೇಕೆ? ಅದಕ್ಕೆ ಶಿಲಾಫಲಕ ಹಾಕುವಂತಿಲ್ಲ, ಉದ್ಘಾಟನೆ ಮಾಡುವಂತಿಲ್ಲ. ಬಹುಶಃ ಆದ್ದರಿಂದಲೇ ಯಾರಿಗೂ ಹೊಳೆಯುವುದಿಲ್ಲ. ಗ್ರಾಮ ಪಂಚಾಯಿತಿಗಳೂ ನೀರಗಂಟಿ ಎಂಬ ಹೆಸರನ್ನು ನಲ್ಲಿ ತಿರುಗಿಸುವವರಿಗೆ ಸೀಮಿತಗೊಳಿಸದೆ, ಏರಿ, ತೂಬು, ಕೋಡಿಗಳ ಹೊಣೆಗೂ ಒಬ್ಬರನ್ನು ನೇಮಿಸಿ ತಿಂಗಳ ಸಂಬಳ ಕೊಡಲಿ. ಬೆಂಗಳೂರು ತಾನು ಬಳಸುವ ನೀರಿನ ಬಿಲ್ಲಿನಲ್ಲಿ ನೀರು ಕೊಟ್ಟ ಊರುಗಳಿಗೊಂದು ಪಾಲು ಇಡಲಿ.

ಜಪಾನಿಗೆ ಬರುವ ಹುಡುಗನಿಗೆ ನನ್ನ ಮಾತು ಇಷ್ಟೆ: ಬಾ, ಕಲಿ, ಗಳಿಸು. ಆದರೆ ಇಲ್ಲಿ ಮುದುಕರು ನಿನ್ನ ಕೈಯನ್ನು ಏಕೆ ಇಷ್ಟು ಆದರದಿಂದ ಹಿಡಿಯುತ್ತಾರೆ ಎಂಬುದನ್ನು ಗಮನಿಸು. ಕೆರೆ ತುಂಬಿದ್ದರೂ ತೂಬು ಎತ್ತುವವರಿಲ್ಲದ ಊರಿನ ಭಯ ಅವರಿಗೆ ಗೊತ್ತಾಗಿದೆ. ನಿನ್ನ ಊರಿನ ಹಿರಿಯರಿಗೂ ಅದು ಗೊತ್ತಾಗುವ ಮೊದಲು, ಕಲಿತದ್ದನ್ನು ಒಯ್ದು ಅಲ್ಲಿ ಹೇಳು.